ಮಂತ್ರಿಗಳಿಗೆ ಕೊಟ್ಟ ಚಾಕು

ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದರೂ ಕಾಸ್ತೆಲ್‌ರೋವೊ ಊರಿನ ಯಾರು ಬೇಕಾದರೂ ತನ್ನ ಚಾಕುವನ್ನು ಗುರುತಿಸಬಲ್ಲರು ಎಂಬುದು ಗೌದೆಂಜಿಯೊ ತ್ರವಾಲಿಯ ನಂಬಿಕೆ. ಆ ನಂಬಿಕೆಯನ್ನು ಅವನು ತನ್ನೊಳಗೇ ಇಟ್ಟುಕೊಂಡವನಲ್ಲ. ಚೌಕದ ಕಾಫಿ ಅಂಗಡಿಯಲ್ಲಿ, ಇಗರ್ಜಿಯ ಮೆಟ್ಟಿಲ ಮೇಲೆ, ಯಾರದೋ ಶವಯಾತ್ರೆಯ ಹಿಂದೆ ನಡೆಯುವಾಗಲೂ ಪಕ್ಕದವನ ತೋಳು ಹಿಡಿದು ಹೇಳುತ್ತಿದ್ದ.

"ಕೇಳು, ಇದು ನಂದು." ಜೇಬಿನಿಂದ ಮಡಚು ಚಾಕು ತೆಗೆದು ಉಗುರಿನಿಂದ ಅಲಗನ್ನು ಎಬ್ಬಿಸುತ್ತಿದ್ದ. ಅಲಗು ಅರ್ಧ ದಾರಿಯಲ್ಲಿ ಒಮ್ಮೆ ನಿಂತು, ಉಸಿರು ತೆಗೆದುಕೊಂಡಂತೆ ಮಾಡಿ, ಮುಂದೆ ಹೋಗಿ 'ಟಕ್' ಎನ್ನುತ್ತಿತ್ತು. "ಕೇಳಿಸ್ತಾ? ಎದುರಂಗಡಿ ಎಲ್ಪಿದಿಯೊಂದು ಹೀಗನ್ನಲ್ಲ. ಅವಂದು 'ಟಪ್' ಅನ್ನತ್ತೆ. ಒದ್ದೆ ಚಪ್ಪಲಿ ಕಳಚಿದ ಹಾಗೆ."

ಜಂಬ ಏನೇ ಇರಲಿ, ಆ 'ಟಕ್'ಗಾಗಿ ಅವನು ಪಡುತ್ತಿದ್ದ ಪಾಡು ಸುಳ್ಳಲ್ಲ. ಅಲಗನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಎಣ್ಣೆಯಲ್ಲಿ ಅದ್ದಿ, ಮತ್ತೆ ಮೆಲ್ಲಗೆ ಕಾಯಿಸಿ, ಒಣಹುಲ್ಲಿನ ಬಣ್ಣ ಬಂದ ಗಳಿಗೆಯಲ್ಲೇ ಇಳಿಸಬೇಕು. ಬೆನ್ನಿನ ಸ್ಪ್ರಿಂಗಿಗೆ ಇನ್ನೂ ಒಂದಿಷ್ಟು ಕಾವು, ನವಿಲಿನ ಕತ್ತಿನ ನೀಲಿ ಬರುವ ತನಕ. ಈ ಚಾಕುವಿಗೆ ಬೀಗವಿಲ್ಲ, ಒತ್ತುಗುಂಡಿಯಿಲ್ಲ. ಅಲಗಿನ ಬುಡವನ್ನು ಸ್ಪ್ರಿಂಗು ಅವುಚಿ ಹಿಡಿಯುವುದೊಂದೇ ಅದರ ಗುಟ್ಟು. ಹಾಗಾಗಿ ಎರಡನ್ನೂ ಒಂದಕ್ಕೊಂದು ಒಗ್ಗಿಸಬೇಕು. ಅರ ಹಾಕಿ ಉಜ್ಜುವುದು, ಹಂಗಾಮಿ ಮೊಳೆ ತೂರಿಸಿ ತೆರೆಯುವುದು, ಮುಚ್ಚುವುದು, ಕಿವಿಗೊಡುವುದು, ಮೊಳೆ ಕಿತ್ತು ಮತ್ತೆ ಅರ ಹಾಕುವುದು. ಅರ ಕೂದಲೆಳೆಯಷ್ಟು ಹೆಚ್ಚು ತಿಂದರೆ ಅಲಗು ಲೊಟಲೊಟ ಎನ್ನುತ್ತದೆ. ಕಡಿಮೆ ತಿಂದರೆ ತೆರೆಯುವವನ ಉಗುರು ಕಿತ್ತು ಬರುತ್ತದೆ.

ಕೊಂಬಿನ ಕೆಲಸ ಅವನ ಹೆಂಡತಿಯದು, ಅವಳ ಹೆಸರು ಇಲ್ದೆ. ಟಗರಿನ ಕೊಂಬನ್ನು ಕೆಂಡದ ಮೇಲೆ ಹಿಡಿದು, ಮೆತ್ತಗಾದಾಗ ಕಬ್ಬಿಣದ ಹಲಗೆಗಳ ನಡುವೆ ಬಿಗಿದು ಚಪ್ಪಟೆ ಮಾಡಿ, ಹಿಡಿಗೆ ಬೇಕಾದ ಎರಡು ಹೋಳು ತೆಗೆದು ಹೊಳಪು ಕೊಡುವವಳು ಅವಳು. ಮದುವೆಯಾದಂದಿನಿಂದ ತನ್ನ ತಲೆಗೂದಲಿಗೆ ಸುಟ್ಟ ಕೊಂಬಿನ ನಾತ ಹತ್ತಿದೆ ಎಂಬುದು ಅವಳ ದೂರು. "ಟಕ್ ಅನ್ಲಿ ಟಪ್ ಅನ್ಲಿ, ಈರುಳ್ಳಿಗೆ ಕಿವಿ ಇದ್ಯಾ?" ಎಂದು ಕೇಳುತ್ತಿದ್ದವಳೂ ಅವಳೇ.

ಒಂದು ಬೆಳಿಗ್ಗೆ ಮೇಯರ್ ಲಾಂಫ್ರಾಂಕೊ ಅಂಗಡಿಗೆ ಬಂದರು. ಅವರು ಮೊದಲು ಜೀವವಿಮೆ ಮಾರುತ್ತಿದ್ದವರು. ಆ ದನಿ ಇನ್ನೂ ಅವರನ್ನು ಬಿಟ್ಟಿರಲಿಲ್ಲ.

"ಮಾಸ್ತ್ರೊ!" ಎಂದರು, ಗುರುಗಳೇ ಎನ್ನುವ ಹಾಗೆ. ಹಿಂದಿನ ದಿನದ ತನಕ ಅವರು ಅವನನ್ನು ಗೌದೆಂಜಿಯೊ ಎಂದಷ್ಟೇ ಕರೆಯುತ್ತಿದ್ದರು. "ನಮ್ಮ ಚಾಕು ಮ್ಯೂಸಿಯಂ ಉದ್ಘಾಟನೆಗೆ ರೋಮಿನಿಂದ ಮಂತ್ರಿಗಳು ಬರ್ತಿದ್ದಾರೆ. ಒನೊರಾತೊ ಪಾಲ್ಮೊಂದಿ ಅವರೇ ಖುದ್ದು! ಊರಿನ ಪರವಾಗಿ ಒಂದು ಚಾಕು ಕೊಡ್ಬೇಕು. ಮಾಡಿದವರ ಹೆಸರು ಮ್ಯೂಸಿಯಂ ಬಾಗಿಲಲ್ಲಿ ಅಮೃತಶಿಲೆ ಮೇಲೆ ಕೆತ್ತಿಸ್ತೀವಿ."

ಗೌದೆಂಜಿಯೊ ಅರವನ್ನು ಕೆಳಗಿಟ್ಟ. "ಎಲ್ಪಿದಿಯೊನ ಹೆಸರು?"

"ಯಾರವನು?" ಎಂದರು ಮೇಯರ್, ಕಿಟಕಿಯಾಚೆ ಎಲ್ಪಿದಿಯೊನ ಅಂಗಡಿಯ ಫಲಕವನ್ನೇ ನೋಡುತ್ತಾ.

ಅಷ್ಟು ಸಾಕಾಯಿತು. ಗೌದೆಂಜಿಯೊ ತನ್ನ ಜೀವಮಾನದ ಚಾಕು ಮಾಡಲು ಕೂತ. ಇಲ್ದೆ ಮೂಲೆಯಲ್ಲಿ ಎತ್ತಿಟ್ಟಿದ್ದ ಜೇನುಬಣ್ಣದ ಕೊಂಬನ್ನು ಹೊರತೆಗೆದಳು. ಚಾಕು ಮುಗಿದ ದಿನ ಅವನು ಅದನ್ನು ಚೌಕಕ್ಕೆ ಒಯ್ದು ತೆರೆದು ತೋರಿಸಿದ. ಇಗರ್ಜಿಯ ಮೇಲಿನ ಪಾರಿವಾಳಗಳು ಆ ಸದ್ದಿಗೆ ಎದ್ದು ಹಾರಿದವು ಎಂದು ಅವನು ಆಮೇಲೆ ಹೇಳುತ್ತಿದ್ದ. ಪಾರಿವಾಳಗಳು ಹಾರಿದ್ದು ನಿಜ. ಇಗರ್ಜಿಯ ಗಂಟೆಯೂ ಅದೇ ಹೊತ್ತಿಗೆ ಬಾರಿಸಿತ್ತು.

ಅದು ರೋಮಿನ ಮಂತ್ರಿಗಳಿಗೆ ತಮ್ಮ ನೆರಳು ಕಂಡರೂ ಎದೆ ಡವಡವ ಎನ್ನುವ ಕಾಲ. ಹಾಗಾಗಿ ಮಂತ್ರಿಗಳಿಗಿಂತ ಮೊದಲು ಅವರ ಭದ್ರತೆಯ ಅಧಿಕಾರಿ ಡಾಕ್ಟರ್ ಸ್ಕಾಲ್ಸಿ ಬಂದರು. ಅವರು ವೈದ್ಯರಲ್ಲ, ಆದರೂ ಚಾಕುವನ್ನು ರೋಗಿಯ ನಾಲಗೆ ನೋಡುವಂತೆ ನೋಡಿದರು.

"ಇದಕ್ಕೆ ಮೊನೆ ಇದೆಯಲ್ರೀ," ಎಂದರು.

"ಚಾಕು ಅಂದ್ಮೇಲೆ ಇರತ್ತೆ ಸ್ವಾಮಿ."

"ಮಂತ್ರಿಗಳ ಹೊಟ್ಟೆಯಿಂದ ಒಂದು ಗೇಣು ದೂರದಲ್ಲಿ ಮೊನೆ ಇರಕೂಡದು."

ಗೌದೆಂಜಿಯೊ ಒಂದು ದಿನ ಊಟ ಬಿಟ್ಟ. ಹಿಂದಿನ ಕಾಲದ ನಾವಿಕರ ಚಾಕುಗಳಿಗೂ ಮೊನೆಯಿರಲಿಲ್ಲ ಎಂದು ಮೇಯರ್ ಸಮಾಧಾನ ಹೇಳಿದರು. ಕಾಸ್ತೆಲ್‌ರೋವೊದಿಂದ ಸಮುದ್ರ ಕಾಣಬೇಕಾದರೆ ಎರಡು ಬಸ್ಸು ಬದಲಾಯಿಸಬೇಕು. ಆದರೂ ಅವನು ಮೊನೆಯನ್ನು ಗುಂಡಗೆ ಉಜ್ಜಿದ. ಡಾಕ್ಟರ್ ಸ್ಕಾಲ್ಸಿ ಮತ್ತೆ ಬಂದು ಅಲಗಿನ ಬಾಯಿಯ ಮೇಲೆ ಕಾಗದ ಎಳೆದರು. ಕಾಗದ ಎರಡಾಯಿತು. ಅವರ ಮುಖ ಕಪ್ಪಿಟ್ಟಿತು. ಗೌದೆಂಜಿಯೊ ಬಾಯಿಯನ್ನೂ ಮೊಂಡು ಮಾಡಿದ.

ಮೂರನೆಯ ಸಲ ಅವರ ಜೊತೆ ಇಬ್ಬರು ಅಂಗರಕ್ಷಕರಿದ್ದರು. ಗೌದೆಂಜಿಯೊ ಹುರುಪಿನಿಂದ ಚಾಕು ತೆರೆದ. 'ಟಕ್' ಎಂದಿತು. ಇಬ್ಬರ ಕೈಯೂ ಸೊಂಟದ ಪಿಸ್ತೂಲಿಗೆ ಹೋಯಿತು.

"ನೋಡಿದ್ರಾ?" ಎಂದರು ಡಾಕ್ಟರ್ ಸ್ಕಾಲ್ಸಿ. "ನಮ್ಮ ಹುಡುಗರು ಟಕ್ ಅಂದ್ರೆ ಗುಂಡು ಹಾರಿಸ್ತಾರೆ. ವಿಚಾರಣೆ ಆಮೇಲೆ."

"ಸದ್ದು ತೆಗೀರಿ ಅಂತೀರಾ?" ಗೌದೆಂಜಿಯೊ ಚಾಕು ಮಡಚಿ ಎದೆಗೆ ಹಿಡಿದುಕೊಂಡ. "ಅದು ಮಾತ್ರ ಆಗಲ್ಲ ಸ್ವಾಮಿ. ಇದರ ಜೀವ ಇರೋದೇ ಅದ್ರಲ್ಲಿ."

ಮೇಯರ್ ಅವನ ಹೆಗಲ ಮೇಲೆ ಕೈಯಿಟ್ಟರು. "ಆಗಲ್ಲ ಅಂದ್ರೆ ಬಿಡಿ ಮಾಸ್ತ್ರೊ, ಬೇಜಾರಿಲ್ಲ. ಎಲ್ಪಿದಿಯೊ ಕೈಲಿ ಮಾಡಿಸ್ತೀವಿ. ಅವಂದು ಹೇಗೂ ಟಪ್ ಅನ್ನತ್ತಂತಲ್ಲ."

ಅಲಗಿನ ಬುಡದ ಮೂಲೆಗಳನ್ನು ಗುಂಡಗೆ ಮಾಡಿದರೆ ಸದ್ದು ಸಾಯುತ್ತದೆ. ದಿನಗಟ್ಟಲೆ ಕಿವಿಗೊಟ್ಟು ಕೂರಿಸಿದ್ದ ಆ ಮೂಲೆಗಳನ್ನು ಗೌದೆಂಜಿಯೊ ಒಂದೇ ಮಧ್ಯಾಹ್ನದಲ್ಲಿ ಉಜ್ಜಿ ಹಾಕಿದ. ಈಗ ಚಾಕು ಬೆಣ್ಣೆಯೊಳಗೆ ಬೆರಳಿಳಿದಂತೆ ತೆರೆದುಕೊಳ್ಳುತ್ತಿತ್ತು.

ಅದೇ ತೊಂದರೆಯಾಯಿತು. "ಸದ್ದಿಲ್ಲದೆ ತೆರೆಯತ್ತೆ," ಎಂದರು ಡಾಕ್ಟರ್ ಸ್ಕಾಲ್ಸಿ ನಾಲ್ಕನೆಯ ಸಲ. "ಇದು ಇನ್ನೂ ಅಪಾಯ. ತೆರೆಯೋದೇ ಬೇಡ."

ಆ ಸಂಜೆ ಗೌದೆಂಜಿಯೊ ಹಿಡಿಗೆ ಅಡ್ಡಲಾಗಿ ತೂತು ಕೊರೆದು, ಮಡಚಿದ ಅಲಗಿನ ಮೂಲಕ ಹಾಯುವಂತೆ ಒಂದು ಹಿತ್ತಾಳೆ ಮೊಳೆ ತೂರಿಸಿದ. ಎರಡೂ ಕಡೆ ತಲೆ ಬಡಿದು ಉಜ್ಜಿದ ಮೇಲೆ ಅದು ಉಳಿದ ಮೊಳೆಗಳ ನಡುವೆ ಅಲಂಕಾರದಂತೆ ಸೇರಿಕೊಂಡಿತು. ಇಲ್ದೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ಮೊನೆ ಕೊಟ್ಟೆ, ಬಾಯಿ ಕೊಟ್ಟೆ, ದನಿ ಕೊಟ್ಟೆ. ಈಗ ಹೂತೂ ಹಾಕ್ದೆ. ನಿಂಗೇನು ಉಳೀತೋ?"

"ಹೆಸರು ಉಳಿಯತ್ತೆ. ಕಲ್ಲಿನ ಮೇಲೆ."

"ಅದು ಸ್ಮಶಾನದಲ್ಲಿ ಎಲ್ರಿಗೂ ಸಿಗತ್ತೆ. ಇಷ್ಟೊಂದು ಅರ ಹಾಕೋದೇ ಬೇಡ."

ಉದ್ಘಾಟನೆಯ ಹಿಂದಿನ ದಿನ ಡಾಕ್ಟರ್ ಸ್ಕಾಲ್ಸಿಯ ಕೊನೆಯ ಅಪ್ಪಣೆ ಹೊರಟಿತು. ಮಂತ್ರಿಗಳು ಹೋಗುವ ತನಕ ಊರಿನಲ್ಲಿ ಚಾಕು ಎಂಬ ವಸ್ತು ಇರಕೂಡದು. ಊರಿನ ಪೊಲೀಸ್ ಠಾಣೆಯ ಮುಖ್ಯಸ್ಥ ಪೀರಾಸ್ ಮನೆಮನೆಗೆ ಹೋಗಿ ದ್ರಾಕ್ಷಿ ಕೊಯ್ಲಿನ ಬುಟ್ಟಿಗಳಲ್ಲಿ ಚಾಕು ತುಂಬಿಸಿಕೊಂಡು ಬಂದು ಇಗರ್ಜಿಯ ಒಳಕೋಣೆಗೆ ಬೀಗ ಹಾಕಿದ. ಕಟುಕನ ಅಂಗಡಿ ಮುಚ್ಚಿತು. ಕ್ಷೌರಿಕ ಒಂದು ಕೆನ್ನೆ ಮುಗಿಸಿದ್ದ ಗಿರಾಕಿಯನ್ನು ಹಾಗೇ ಎಬ್ಬಿಸಿ ಕಳಿಸಿದ. ಊರಿನ ಮುದುಕರು ಹಲ್ಲು ಬಿದ್ದ ಜಾಗವನ್ನು ನಾಲಗೆಯಿಂದ ತಡಕುವಂತೆ ಖಾಲಿ ಜೇಬನ್ನು ತಡಕುತ್ತಾ ಚೌಕದಲ್ಲಿ ಕೂತರು. ಪೀರಾಸ್ ಬಹಳ ಪ್ರಾಮಾಣಿಕ. ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಗಳಲ್ಲಿದ್ದ ಚಾಕುಗಳನ್ನೂ ಬಿಡಲಿಲ್ಲ.

ಮಂತ್ರಿಗಳು ಬಂದರು. ದಪ್ಪಗೆ, ಗುಲಾಬಿ ಬಣ್ಣಕ್ಕಿದ್ದು, ಯಾರ ಮಾತಿಗೂ ತಲೆಯಾಡಿಸುವವರು. ಮ್ಯೂಸಿಯಂ ಬಾಗಿಲಿಗೆ ಕಟ್ಟಿದ್ದ ರಿಬ್ಬನ್ ಕತ್ತರಿಸಬೇಕಾಗಿತ್ತು. ಕತ್ತರಿಯೂ ಬುಟ್ಟಿಗೆ ಹೋಗಿದ್ದರಿಂದ ಮೇಯರ್ ಗಂಟು ಬಿಚ್ಚಲು ನಿಂತರು. ಗಂಟು ಬಿಗಿದುಕೊಂಡಿತು. ಕೊನೆಗೆ ಇಬ್ಬರೂ ಬಗ್ಗಿ ಅದರ ಕೆಳಗೆ ನುಸುಳಿದರು. ಒಳಗೆ ಮಂತ್ರಿಗಳು ಖಾಲಿ ಪೆಟ್ಟಿಗೆಗಳ ಮುಂದೆ ಒಂದೊಂದಾಗಿ ನಿಂತು 'ಕುರುಬರ ಚಾಕು', 'ತೋಟದ ಚಾಕು', 'ಮದುವೆಯ ಚಾಕು' ಎಂಬ ಚೀಟಿಗಳನ್ನು ಓದಿದರು. "ಅದ್ಭುತ! ಎಂಥ ಸರಳತೆ!" ಎಂದರು. ಮೇಯರ್ ಕಣ್ಣೊರೆಸಿಕೊಂಡರು.

ಊಟಕ್ಕೆ ಊರಿನ ಹೆಂಗಸರು ಬೇಯಿಸಿದ್ದರು. ಹಂದಿತೊಡೆ ಇಡಿಯಾಗಿ ತಟ್ಟೆಯಲ್ಲಿ ಕೂತಿತ್ತು. ಕುರಿಹಾಲಿನ ಚೀಸ್ ಚಕ್ರದ ಹಾಗೆ ಉರುಟಾಗಿ ಮೇಜಿನ ನಡುವೆ ಇತ್ತು. ಬ್ರೆಡ್ಡನ್ನು ಮುರಿದು ಕೊಟ್ಟರು, ಮಾಂಸವನ್ನು ಎಳೆದು ಕೊಟ್ಟರು, ಚೀಸನ್ನು ಏನೂ ಮಾಡಲಾಗದೆ ಎಲ್ಲರೂ ನೋಡಿದರು. ಆಗಲೇ ಮೇಯರ್ ಎದ್ದು ಮಖಮಲ್ಲಿನ ಪೆಟ್ಟಿಗೆ ತೆರೆದು ಚಾಕು ಕೊಟ್ಟರು. ಚಾಕು ಉಡುಗೊರೆ ಪಡೆದವರು ಸ್ನೇಹ ಕಡಿಯದಿರಲೆಂದು ಒಂದು ನಾಣ್ಯ ವಾಪಸು ಕೊಡಬೇಕು ಎಂಬುದು ಅಲ್ಲಿನ ಪದ್ಧತಿ. ಮಂತ್ರಿಗಳ ಜೇಬಿನಲ್ಲಿ ನಾಣ್ಯವಿರಲಿಲ್ಲ. ಕಾರ್ಯದರ್ಶಿ ಕೊಟ್ಟು ರಸೀದಿ ಕೇಳಿದ.

"ಎಂಥ ಚೆಂದದ ಹಿಡಿ!" ಎಂದರು ಮಂತ್ರಿಗಳು. "ಚೀಸಿಗೆ ಮೊದಲ ಪೆಟ್ಟು ಇದರಿಂದಲೇ ಆಗಲಿ." ಉಗುರನ್ನು ಅಲಗಿನ ಗೀರಿಗೆ ಕೊಟ್ಟು ಎಳೆದರು. ಮತ್ತೆ ಎಳೆದರು. ಮುಖ ಗುಲಾಬಿಯಿಂದ ಕೆಂಪಿಗೆ ತಿರುಗಿತು. "ಇದು ಹೇಗೆ ತೆರೆಯತ್ತೆ ಮಾಸ್ತ್ರೊ?"

ಮೇಯರ್ ತಾರಸಿ ನೋಡಿದರು. ಡಾಕ್ಟರ್ ಸ್ಕಾಲ್ಸಿ ಬೂಟಿನ ತುದಿ ನೋಡಿಕೊಂಡರು. ಮೇಜಿನ ಕೊನೆಯಲ್ಲಿ ಎಲ್ಪಿದಿಯೊ ಬಾಯಿಗೆ ಕರವಸ್ತ್ರ ತುರುಕಿಕೊಂಡಿದ್ದ. ಅವನನ್ನು ಕಂಡದ್ದೇ ಗೌದೆಂಜಿಯೊನ ನಾಲಗೆ ತಾನಾಗಿ ಆಡಿತು.

"ಅದು ಹಾಗೆ ಯಾರ ಕೈಗೂ ತೆರೆಯಲ್ಲ ಮಂತ್ರಿ ಸಾಹೇಬ್ರೆ. ನಮ್ಮೂರ ಚಾಕು ಯಜಮಾನನ ಮೈ ಶಾಖಕ್ಕೆ ಒಗ್ಗಬೇಕು. ಒಂದು ವರ್ಷ ಜೇಬಲ್ಲಿ ಇಟ್ಕೊಳಿ. ಆಮೇಲೆ ನೋಡಿ."

ಮಂತ್ರಿಗಳ ಕಣ್ಣು ತುಂಬಿ ಬಂತು. "ಕೇಳಿದ್ರಾ?" ಎಂದು ಅವರು ಎಲ್ಲರ ಕಡೆ ತಿರುಗಿದರು. "ಈ ಅವಸರದ ಕಾಲದಲ್ಲಿ ಕಾಯುವ ಚಾಕು!" ಚಪ್ಪಾಳೆ ಬಿತ್ತು. ಗೌದೆಂಜಿಯೊ ಬಗ್ಗಿ ವಂದಿಸಿದ. ಕಿವಿ ಮಾತ್ರ ಬಿಸಿಯಾಗಿತ್ತು.

ಮಾರನೆಯ ವಾರ ಅಮೃತಶಿಲೆ ಬಂತು. ಮೇಲೆ ಮಂತ್ರಿಗಳ ಹೆಸರು, ಅದರಡಿ ಅಷ್ಟೇ ದಪ್ಪಕ್ಕೆ ಮೇಯರರ ಹೆಸರು, ಕೊನೆಯ ಸಾಲಿನಲ್ಲಿ 'ಎಲ್ಪಿದಿಯೊ, ಗೌದೆಂಜಿಯೊ ಮತ್ತಿತರರು'.

"ಇದೇನ್ರೀ? ಅವನು ಏನೂ ಮಾಡ್ಲಿಲ್ವಲ್ಲ! ಅದರಲ್ಲೂ ಮೊದಲು!"

"ಅಕ್ಷರಮಾಲೆ ಪ್ರಕಾರ ಹಾಕಿದ್ದು ಮಾಸ್ತ್ರೊ. ಅದಕ್ಕೆ ನಾನೇನು ಮಾಡ್ಲಿ?" ಎಂದರು ಮೇಯರ್. ಆಮೇಲೆ ದನಿ ತಗ್ಗಿಸಿ, "ಚುನಾವಣೆ ಹತ್ರ ಬಂತು. ಎಲ್ಪಿದಿಯೊ ಮನೇಲಿ ಬಹಳ ಓಟಿದೆ," ಎಂದರು.

ಕಾಯುವ ಚಾಕುವಿನ ಸುದ್ದಿ ಪತ್ರಿಕೆಗಳಿಗೆ ಹೋಯಿತು. ಮಿಲಾನಿನಿಂದ, ಟ್ಯೂರಿನ್ನಿನಿಂದ ಜನ ಕಾರು ಮಾಡಿಕೊಂಡು ಬಂದರು. ಎಲ್ಲರಿಗೂ ತೆರೆಯದ ಚಾಕುವೇ ಬೇಕು. ತೆರೆಯುವುದನ್ನು ತೋರಿಸಿದರೆ "ಇದು ಅಸಲಿ ಅಲ್ಲ" ಎಂದು ಮೂಗು ಮುರಿಯುತ್ತಿದ್ದರು. ಗೌದೆಂಜಿಯೊ ಮೊದಲು ಗೊಣಗಿದ, ಆಮೇಲೆ ಮೊಳೆ ಬಡಿದ. ಒಳಗಿನ ಅಲಗನ್ನು ಮಾತ್ರ ಎಂದಿನಂತೆ ಹುಲ್ಲಿನ ಬಣ್ಣಕ್ಕೆ ಹದ ಮಾಡಿಯೇ ಕೂರಿಸುತ್ತಿದ್ದ. ಯಾರಿಗೂ ಕಾಣದ ಅಲಗಿಗೆ ಯಾಕಿಷ್ಟು ಎಂದು ಇಲ್ದೆ ಕೇಳಿದರೆ, "ನಂಗೆ ಗೊತ್ತಿರತ್ತಲ್ಲ," ಎನ್ನುತ್ತಿದ್ದ.

ಎಲ್ಪಿದಿಯೊಗೆ ಅಂಥ ಹಟವಿರಲಿಲ್ಲ. ಅವನ ಚಾಕುಗಳು ಬೇಗ ಬೇಗ ತಯಾರಾಗುತ್ತಿದ್ದವು, ಅಗ್ಗಕ್ಕೂ ಹೋಗುತ್ತಿದ್ದವು. ಅನುಮಾನ ಬಂದು ಗೌದೆಂಜಿಯೊ ಒಂದನ್ನು ಬೇರೆಯವರ ಕೈಲಿ ಕೊಳ್ಳಿಸಿ ಒಡೆದು ನೋಡಿದ. ಎರಡು ಕೊಂಬಿನ ಹೋಳಿನ ನಡುವೆ ಒಂದು ಮರದ ಪಟ್ಟಿ, ಮೇಲಂಚಿಗೆ ತಗಡು. ಅಲಗೇ ಇಲ್ಲ.

ಅವನು ಬೀದಿ ದಾಟಿ ಎಲ್ಪಿದಿಯೊನ ಬಾಗಿಲಲ್ಲಿ ನಿಂತು ಕೂಗಾಡಿದ. "ಮೋಸಗಾರ! ಒಳಗೆ ಅಲಗಿಲ್ಲ ನಿಂದು!"

"ತೆರೆಯೋದೇ ಇಲ್ಲ ಅಂದ್ಮೇಲೆ ಅಲಗ್ಯಾಕೋ ಮಾರಾಯ?" ಎಲ್ಪಿದಿಯೊ ಶಾಂತವಾಗಿ ಕೇಳಿದ. "ನೀನು ಸುಳ್ಳಿನೊಳಗೆ ಉಕ್ಕು ಇಡ್ತೀಯ, ನಾನು ಮರ ಇಡ್ತೀನಿ. ಕಳ್ಳ ಯಾರು ಅಂತ ಪಾದ್ರಿನ ಕೇಳೋಣ, ಬಾ."

ಗೌದೆಂಜಿಯೊ ಬೀದಿ ದಾಟಿ ಹಿಂದಿರುಗಿದ. ಆಮೇಲೆ ಕೆಲವು ದಿನ ಅವನು ಕಾಫಿ ಅಂಗಡಿಗೆ ಹೋಗಲಿಲ್ಲ.

ಈ ನಡುವೆ ರೋಮಿನಲ್ಲಿ ಸರಕಾರ ಬಿತ್ತು, ಇನ್ನೊಂದು ಬಂತು, ಅದೂ ಬಿತ್ತು. ಮಂತ್ರಿಗಳ ಹೆಸರು ಪತ್ರಿಕೆಯಲ್ಲಿ ಬರುವುದು ನಿಂತಿತು. ಒಂದು ಬೆಳಿಗ್ಗೆ ಚೌಕದ ಕಾರಂಜಿಯ ಕಟ್ಟೆಗೆ ಒಂದು ಸಣ್ಣ ಕಾರು ಮೂತಿ ತಾಗಿಸಿ ನಿಂತಿತು. ಅದರಿಂದ ಒಬ್ಬರೇ ಇಳಿದವರು ಒನೊರಾತೊ ಪಾಲ್ಮೊಂದಿ. ಅಂಗರಕ್ಷಕರಿಲ್ಲ, ಕಾರ್ಯದರ್ಶಿಯಿಲ್ಲ. ಗುಲಾಬಿ ಬಣ್ಣವೂ ಮಾಸಿತ್ತು. ಅವರು ನೇರ ಗೌದೆಂಜಿಯೊನ ಅಂಗಡಿಗೆ ಬಂದು ಜೇಬಿನಿಂದ ಚಾಕು ತೆಗೆದರು.

"ವರ್ಷ ಆಯ್ತು ಮಾಸ್ತ್ರೊ. ಸ್ನಾನ ಮಾಡೋವಾಗ ಬಿಟ್ರೆ ಮೈಯಿಂದ ದೂರ ಇಟ್ಟಿಲ್ಲ. ತೆರೀತಾ ಇಲ್ಲ." ಅವರು ಸ್ವಲ್ಪ ತಡವರಿಸಿದರು. "ಮಂತ್ರಿ ಪದವಿ ಹೋಯ್ತಲ್ಲ, ಅದ್ರಿಂದೇನಾದ್ರೂ...?"

ಗೌದೆಂಜಿಯೊ ಚಾಕು ಕೈಗೆ ತೆಗೆದುಕೊಂಡ. ಒಂದು ವರ್ಷ ಬೆರಳಾಡಿ ಕೊಂಬು ಇಲ್ದೆ ಕೊಟ್ಟದ್ದಕ್ಕಿಂತ ಹೆಚ್ಚಿನ ಹೊಳಪು ಪಡೆದಿತ್ತು. ಈ ಮನುಷ್ಯ ನಿಜವಾಗಿಯೂ ನಂಬಿದ್ದರು. ನಂಬಿ, ಕಾದಿದ್ದರು. ಗೌದೆಂಜಿಯೊ ಅವರ ಕಡೆಗೆ ಸ್ಟೂಲು ತಳ್ಳಿದ.

"ಕೂತ್ಕೊಳಿ ಸ್ವಾಮಿ. ನಾನು ಸುಳ್ಳು ಹೇಳಿದ್ದೆ," ಎಂದ. ಮೊನೆ, ಬಾಯಿ, ದನಿ, ಮೊಳೆ, ಎಲ್ಲವನ್ನೂ ಹೇಳಿದ. ಹೇಳುತ್ತಲೇ ಮೊಳೆಯ ತಲೆ ಕೊರೆದು ಹೊರಗೆ ತಳ್ಳಿದ. ಅಲಗು ಬಿಚ್ಚಿ ಬುಡಕ್ಕೆ ಮತ್ತೆ ಮೂಲೆ ಬರುವಂತೆ ಅರ ಹಾಕಿದ, ಸ್ಪ್ರಿಂಗನ್ನು ಅದಕ್ಕೆ ಒಗ್ಗಿಸಿದ, ಸಾಣೆಗೆ ಹಿಡಿದು ಮತ್ತೆ ಮೊನೆ ಬರಿಸಿದ, ಕಲ್ಲಿನ ಮೇಲೆ ಬಾಯಿ ಮಸೆದ. ಇಲ್ದೆ ಅವರಿಗೆ ಕಾಫಿ ಕೊಟ್ಟಳು, ಆಮೇಲೆ ಸಾರು ಕೊಟ್ಟಳು. ಊಟದ ಹೊತ್ತು ಮೀರಿದ ಮೇಲೆ ಚಾಕು ಅವರ ಕೈಗೆ ಬಂತು. ತೆರೆದರು. 'ಟಕ್.'

ಪಾಲ್ಮೊಂದಿ ಮುಚ್ಚಿದರು. ಮತ್ತೆ ತೆರೆದರು. ಅವರ ಮುಖ ಇಳಿಯುತ್ತಾ ಹೋಯಿತು.

"ಏನಾಯ್ತು ಸ್ವಾಮಿ? ಬಿಗಿಯಾಯ್ತಾ?"

"ಇಲ್ಲ, ಇಲ್ಲ. ಚೆನ್ನಾಗಿದೆ." ಅವರು ಚಾಕುವನ್ನು ಮೇಜಿನ ಮೇಲಿಟ್ಟು ದೂರ ತಳ್ಳಿದರು. "ನೋಡಿ ಮಾಸ್ತ್ರೊ, ಪದವಿ ಹೋದ್ಮೇಲೆ ನಂಗೆ ಯಾರೂ ಫೋನ್ ಮಾಡಲ್ಲ. ಆದ್ರೆ ಊಟಕ್ಕೆ ಕರೀತಾರೆ. ಯಾಕೆ ಗೊತ್ತಾ? 'ಪಾಲ್ಮೊಂದಿಯವರೇ, ಆ ಚಾಕು ಇನ್ನೂ ತೆರೆದಿಲ್ವಾ?' ಅಂತ ಕೇಳೋಕೆ. ನಾನು ಜೇಬಿಂದ ತೆಗೀತೀನಿ, ಮೇಜು ಸುತ್ತ ಕೈಯಿಂದ ಕೈಗೆ ಹೋಗತ್ತೆ, ಎಲ್ರೂ ಎಳೀತಾರೆ, ನಗ್ತಾರೆ. ತೆರೆದುಬಿಟ್ರೆ ಯಾರು ಕರೀತಾರೆ ಹೇಳಿ?" ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಆ ಮೊಳೆ... ವಾಪಸ್ ಹಾಕಿಬಿಡಿ."

ಗೌದೆಂಜಿಯೊ ಸುತ್ತಿಗೆ ತೆಗೆದುಕೊಂಡ. ಹಿತ್ತಾಳೆಯ ತುಂಡು ಅಲ್ಲೇ ಇತ್ತು. ಅವನು ಒಮ್ಮೆ ಚಾಕುವನ್ನು ನೋಡಿದ, ಒಮ್ಮೆ ಇಲ್ದೆಯನ್ನು ನೋಡಿದ. ಅವಳು ಆವತ್ತಿನಂತೆಯೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವನು ಸುತ್ತಿಗೆಯನ್ನು ಕೆಳಗಿಟ್ಟ.

"ಅದು ಇನ್ನು ನನ್ನ ಕೈಲಾಗಲ್ಲ ಸ್ವಾಮಿ. ನಿಮಗೆ ಬೇಕಾದ ಮಾಲು ಎದುರಂಗಡೀಲಿದೆ. ಅವನ ಚಾಕು ಯಾವ ಕಾಲಕ್ಕೂ ತೆರೆಯಲ್ಲ. ಭರವಸೆ ನಂದು."

ಎಲ್ಪಿದಿಯೊನ ಚಾಕುವನ್ನು ಅವನು ಹೊಗಳಿದ್ದು ಅದೊಂದೇ ಸಲ. ಪಾಲ್ಮೊಂದಿ ತಮ್ಮ ಚಾಕುವನ್ನು ಮೇಜಿನ ಮೇಲೇ ಬಿಟ್ಟು, ಅವನ ಕೈ ಕುಲುಕಿ ಬೀದಿ ದಾಟಿ ಹೋದರು. ಸ್ವಲ್ಪ ಹೊತ್ತಿಗೆ ಹೊರಬಂದವರು ಜೇಬು ತಟ್ಟಿಕೊಳ್ಳುತ್ತಾ, ಕಾರಂಜಿಯಿಂದ ಕಾರು ಬಿಡಿಸಿಕೊಂಡು ಹೊರಟರು. ಹಿಂದೆಯೇ ಎಲ್ಪಿದಿಯೊ ನಗು ತಡೆಯಲಾರದೆ ಬಂದು ಬಾಗಿಲಿಗೆ ಒರಗಿದ.

"ಎಂದೂ ತೆರೆಯಲ್ಲ ಅಂತ ಆಣೆ ಮಾಡಿಸ್ಕೊಂಡ್ರು ಕಣೋ. ಮಾಡ್ದೆ. ಈ ಕಸುಬಲ್ಲಿ ಇಷ್ಟು ಧೈರ್ಯವಾಗಿ ಆಣೆ ಮಾಡಿದ್ದು ಇದೇ ಮೊದಲು."

ನಗಬಾರದೆಂದುಕೊಂಡಿದ್ದ ಗೌದೆಂಜಿಯೊಗೂ ನಗು ಬಂತು. ಇಲ್ದೆ ಇಬ್ಬರಿಗೂ ವೈನ್ ಸುರಿದಳು.

ಮರುದಿನ ಗೌದೆಂಜಿಯೊ ಮೇಯರರ ಬಳಿ ಹೋಗಿ, ತಾನಿನ್ನು ಮೊಳೆ ಬಡಿಯುವುದಿಲ್ಲ ಎಂದ. ಮೇಯರಿಗೆ ಏನೂ ಅನಿಸಲಿಲ್ಲ. ಮ್ಯೂಸಿಯಮ್ಮಿನ ಅಂಗಡಿಗೆ ಎಲ್ಪಿದಿಯೊ ಬೇಕಾದಷ್ಟು ಒದಗಿಸುತ್ತಿದ್ದ. ಅವರು ಅವನನ್ನು ಮತ್ತೆ ಬರೀ ಗೌದೆಂಜಿಯೊ ಎಂದು ಕರೆದರು. ಮಿಲಾನಿನ ಕಾರುಗಳು ಎದುರಂಗಡಿಯ ಮುಂದೆ ನಿಂತವು. ಗೌದೆಂಜಿಯೊನಲ್ಲಿಗೆ ಮೊದಲಿನಂತೆ ಬೆಟ್ಟದ ಜನ, ಬೇಟೆಯವರು, ದ್ರಾಕ್ಷಿ ತೋಟದವರು ಬರತೊಡಗಿದರು. ಬೆಲೆಗೆ ಜಗಳವಾಡುವವರು, ಆದರೆ ಚಾಕು ಬೇಕಾಗಿದ್ದವರು.

ಆ ವಾರವೇ ಮೇಲಿನ ಹುಲ್ಲುಗಾವಲಿನಿಂದ ಒಬ್ಬ ಕುರುಬ ಇಳಿದು ಬಂದ. ಜೇನುಬಣ್ಣದ ಹಿಡಿಯ ಚಾಕುವನ್ನೇ ಆರಿಸಿದ. ತೆರೆದ, ಮುಚ್ಚಿದ, ಚೀಲದಿಂದ ಬ್ರೆಡ್ಡು ತೆಗೆದು ಕೊಯ್ದು ನೋಡಿದ.

"ಹಿಡಿ ಸವೆದ ಹಾಗಿದೆಯಲ್ಲ. ಯಾರದಾದ್ರೂ ಹಳೇದಾ?"

"ಒಂದು ವರ್ಷ ಮಂತ್ರಿಯ ಜೇಬಲ್ಲಿತ್ತು," ಎಂದ ಗೌದೆಂಜಿಯೊ, ಹೆಮ್ಮೆ ತಡೆಯಲಾರದೆ.

ಕುರುಬ ಬಾಯಲ್ಲಿದ್ದ ಬ್ರೆಡ್ಡನ್ನು ಅಗಿಯುವುದು ನಿಲ್ಲಿಸಿದ. ಚಾಕುವನ್ನು ಅವನ ಕಡೆಗೆ ವಾಪಸು ಚಾಚಿದ.

"ಹಾಗಾದ್ರೆ ಚೆನ್ನಾಗಿ ತೊಳೆದು ಕೊಡಿ."

ಇಲ್ದೆ ಅದನ್ನು ಇಸಿದುಕೊಂಡು, ಸೋಪು ಹುಡುಕುತ್ತಾ ಒಳಗೆ ಹೋದಳು.